ಕೊಂಡಿಯ ಕಥೆ

ಆಭರಣಗಳ ಸೊಬಗನ್ನು ಬಣ್ಣಿಸಿದ ಕವಿಗಳು ನಮ್ಮಲ್ಲಿ ಬೇಕಾದಷ್ಟು ಜನರಿರುವರು. ಆದರೆ ಆಭರಣವನ್ನು ಮೈಮೇಲೆ ಜಾರದಂತೆ ಹಿಡಿದಿಡುವ ಕೊಂಡಿಯನ್ನು ಕುರಿತು ಚಿಂತಿಸಿದವರು ವಿರಳ. ಅಮರಸಿಂಹನು ಕೊರಳು, ತೋಳು, ನಡು, ಕಾಲುಗಳ ಒಡವೆಗಳಿಗೆ ಗ್ರೈವೇಯಕ, ಕೇಯೂರ, ಮೇಖಲಾ, ನೂಪುರವೆಂದು ಹೆಸರುಗಳನ್ನು ಸಾಲಾಗಿ ಪೋಣಿಸಿಟ್ಟನು. ಕಲ್ಯಾಣದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ತನ್ನ ‘ಮಾನಸೋಲ್ಲಾಸ’ದೊಳಗೆ ಭೂಷಣಗಳಿಗಾಗಿ ಒಂದು ಪ್ರಕರಣವನ್ನೇ ಮೀಸಲಿಟ್ಟನು. ಹಳೇಬೀಡಿನ ಗೋಡೆಯ ವಿಗ್ರಹಗಳಲ್ಲಿ ಹಾರದ ಒಂದೊಂದು ಮಣಿಯನ್ನೂ ಎಣಿಸಬಹುದು. ಆದರೆ ವಿಗ್ರಹದ ಹೆಗ್ಗತ್ತು ಗೋಡೆಯ ಕಲ್ಲಿನಲ್ಲಿಯೇ ಅಡಗಿರುವದರಿಂದ ಹಾರವನ್ನು ಕಟ್ಟಿದ ಗಂಟು ಕಾಣದು. ಆದಕಾರಣ ಈ ಬಂಧನಗಳ ಇತಿಹಾಸವನ್ನು ಗ್ರಂಥಗಳಿಗಿಂತ ಹೆಚ್ಚಾಗಿ ಮನೆಮನೆಯ ಒಡವೆಯ ಪೆಟ್ಟಿಗೆಗಳಲ್ಲಿಯೇ ಓದಬೇಕಾಗುವದು.

ಹುಕ್ಕೇರಿ ತಾಲೂಕಿನ ನಮ್ಮ ದಡ್ಡಿಯು ಕನ್ನಡ ಮರಾಠಿಗಳೆರಡೂ ಕೇಳಿಬರುವ ಸೀಮೆ. ಇಲ್ಲಿಯ ಪೆಟ್ಟಿಗೆಗಳಲ್ಲಿ ಬೋರಮಾಳ, ಸರಿಗೆ, ಬುಗಡಿ, ಪಾಟಲಿಗಳ ಜೊತೆಗೆ ಕೊಲ್ಲಾಪುರದ ಸಾಜ, ತುಶಿ, ಪುತಳಿಸರಗಳೂ ಕೂಡಿಯೇ ಇರುವವು. ಹೆಸರುಗಳು ಎಷ್ಟೇ ಇದ್ದರೂ ಇವುಗಳ ಬಂಧನಗಳು ಮುಖ್ಯವಾಗಿ ಮೂರೇ ಬಗೆ: ದಾರದ ಗಂಟು, ತಿರುಪು, ಕೊಕ್ಕೆ.

ಮೊದಲನೆಯದು ದಾರ. ಬೋರಮಾಳದ ಪೊಳ್ಳು ಗುಂಡುಗಳೊಳಗೆ ಅರಗು ತುಂಬಿರುವದು. ಇಂಥ ತೆಳುವಾದ ಗುಂಡುಗಳಿಗೆ ಗಡುಸಾದ ತಂತಿಯು ಒಗ್ಗದು. ಮೃದುವಾದ ರೇಶ್ಮೆಯ ದಾರವೇ ಬೇಕು. ಈ ಪೋಣಿಕೆಯ ಕೆಲಸವು ಪಟವೇಗಾರರದು. ಹಿಂಬದಿಯಲ್ಲಿ ಗೊಂಡೆಯೊಡನೆ ಜಾರುಗಂಟನ್ನು ಬಿಡುವದರಿಂದ ಒಂದೇ ತುಶಿಯು ಎಳೆಯ ಸೊಸೆಯ ಸಪೂರ ಕೊರಳಿಗೂ ಅತ್ತೆಯ ತುಂಬು ಕೊರಳಿಗೂ ಸರಿಹೋಗುವದು. ಆದರೆ ದಾರವು ಬೆವರು ಎಣ್ಣೆಗಳಿಂದ ಜೀರ್ಣವಾಗುವದು. ಆಗಾಗ ಬದಲಿಸದಿದ್ದರೆ ಜಾತ್ರೆಯ ಗದ್ದಲದಲ್ಲಿ ಹರಿದು ಗುಂಡುಗಳು ಚೆಲ್ಲುವದು ನಿಶ್ಚಯ.

ಎರಡನೆಯದು ತಿರುಪು. ಕಿವಿಯ ಓಲೆ, ಬುಗಡಿಗಳಿಗೂ ಕೈಯ ತೋಡೆಗಳಿಗೂ ಇದೇ ಆಧಾರ. ಯಂತ್ರಗಳಿಲ್ಲದ ಕಾಲದಲ್ಲಿ ಪತ್ತಾರರು ಎರಡು ಸಣ್ಣ ತಂತಿಗಳನ್ನು ಒಂದರ ಮಗ್ಗುಲಿಗೆ ಒಂದರಂತೆ ಕಡ್ಡಿಗೆ ಸುತ್ತಿ, ಒಂದನ್ನು ಬಿಚ್ಚಿ ತೆಗೆದು, ಉಳಿದುದನ್ನು ಬೆಸುಗೆ ಹಾಕಿ ಸುತ್ತುಗಳನ್ನು ಮಾಡುತ್ತಿದ್ದರು. ಕೈಯಿಂದ ಮಾಡಿದ ಇಂಥ ತಿರುಪು ತನ್ನ ಜೋಡಿಗಲ್ಲದೆ ಮತ್ತೊಂದಕ್ಕೆ ಕೂಡದು. ಎಡಗಿವಿಯ ತಿರುಪು ಬಲಗಿವಿಗೆ ಹತ್ತಲಿಲ್ಲವೆಂದು ಬೇಸರಪಡುವವರು ಇದನ್ನು ನೆನಪಿನಲ್ಲಿಡಬೇಕು. ಅದು ದೋಷವಲ್ಲ, ಕೈಗೆಲಸದ ಗುರುತು.

ಮೂರನೆಯದು ಕೊಕ್ಕೆ. ಬಾಗಿಸಿದ ತಂತಿಯ ತುದಿ ಒಂದು ಬಳೆಯೊಳಗೆ ಸಿಕ್ಕಿಕೊಳ್ಳುವದು, ಅಷ್ಟೆ. ಮೂರರಲ್ಲಿ ಇದೇ ಸುಲಭವಾದದ್ದು. ಆದರೆ ಎಳೆದಾಗ ನೆಟ್ಟಗಾಗಿ ಜಾರುವ ಭಯವೂ ಇದಕ್ಕೇ ಹೆಚ್ಚು.

ಹಾಗಾದರೆ ನಮ್ಮ ಕುಶಲಿಗಳು ಒತ್ತಿದೊಡನೆ ತೆರೆದು ಬಿಟ್ಟೊಡನೆ ಮುಚ್ಚುವ ಕೊಂಡಿಯನ್ನು ಏಕೆ ಮಾಡಲಿಲ್ಲವೆಂದು ವಾಚಕರು ಕೇಳಬಹುದು. ಇದಕ್ಕೆ ಕಾರಣವು ಬಂಗಾರದ ಸ್ವಭಾವದಲ್ಲಿಯೇ ಇರುವದು. ಚೊಕ್ಕ ಬಂಗಾರವು ಬಾಗುವದು, ಆದರೆ ಪುಟಿದು ಹಿಂದಕ್ಕೆ ಬಾರದು. ಸ್ಪ್ರಿಂಗಿಗೆ ಉಕ್ಕು ಬೇಕು, ಇಲ್ಲವೆ ಬೇರೆ ಲೋಹ ಬೆರೆತ ಗಡುಸು ಬಂಗಾರ ಬೇಕು. ಇಪ್ಪತ್ತನೆಯ ಶತಮಾನದಲ್ಲಿ ಯಂತ್ರದ ಸರಪಳಿಗಳೊಡನೆ ಸ್ಪ್ರಿಂಗಿನ ಕೊಂಡಿಗಳು ನಮ್ಮ ಪೇಟೆಗಳಿಗೂ ಬಂದವು. ಅಲ್ಲಿಯವರೆಗೆ ದಾರ, ತಿರುಪು, ಕೊಕ್ಕೆಗಳೇ ಮೆತ್ತನೆಯ ಲೋಹಕ್ಕೆ ಯೋಗ್ಯವಾದ ಉಪಾಯಗಳಾಗಿದ್ದವು.

ಇನ್ನು ಸುಲಭ ಕಷ್ಟಗಳ ವಿಚಾರ. ಯಾರ ಕೈಗೆ ಸುಲಭ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕು. ಹೆಗ್ಗತ್ತಿನ ಗಂಟನ್ನು ಒಬ್ಬಳೇ ಕಟ್ಟಿಕೊಳ್ಳುವದು ಕಷ್ಟ. ಹಿಂದೆ ನಿಂತವಳಿಗೆ ಅದು ಕ್ಷಣದ ಕೆಲಸ. ನಾಲ್ಕು ಜನ ಹೆಂಗಸರಿದ್ದ ತುಂಬಿದ ಮನೆಯಲ್ಲಿ ಹಳೆಯ ಬಂಧನಗಳು ತೊಡಕೆನಿಸುತ್ತಿರಲಿಲ್ಲ. ಆದರೆ ಇದನ್ನು ಬರಿಯ ಪ್ರೀತಿಯ ಕಥೆಯೆಂದು ಬಗೆಯಬಾರದು. ಎಳೆಯ ವಯಸ್ಸಿನ ಸೊಸೆಗೆ ತೋಡೆಯ ಮೊಳೆಯನ್ನು ಬಿಗಿದವರು ಹಿರಿಯರು, ಬಿಚ್ಚಬೇಕಾದವರೂ ಅವರೇ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ ‘ಮಿತಾಕ್ಷರಾ’ವನ್ನು ಬರೆದ ವಿಜ್ಞಾನೇಶ್ವರನು, ಯಾಜ್ಞವಲ್ಕ್ಯನ ‘ಆದ್ಯ’ ಎಂಬ ಒಂದು ಶಬ್ದವನ್ನು ಹಿಡಿದು, ಕ್ರಯದಿಂದಲೂ ದಾಯದಿಂದಲೂ ಹೆಣ್ಣಿಗೆ ಬಂದುದನ್ನೆಲ್ಲ ಸ್ತ್ರೀಧನದಲ್ಲಿ ಸೇರಿಸಿದನು. 1956ರ ಹಿಂದೂ ಉತ್ತರಾಧಿಕಾರ ಕಾಯದೆಯು ಅವಳ ಒಡೆತನವನ್ನು ಪೂರ್ಣವಾದದ್ದೆಂದು ಸಾರಿತು. ಶಾಸ್ತ್ರವೂ ಕಾಯದೆಯೂ ಒಡವೆಯನ್ನು ಅವಳದೆಂದು ಹೇಳಿದರೂ ಕೊಂಡಿಯು ಮತ್ತೊಬ್ಬರ ಕೈಯಲ್ಲಿದ್ದರೆ ಆ ಒಡೆತನವು ಅಷ್ಟರಮಟ್ಟಿಗೆ ಕುಂದಿದಂತೆಯೇ. ತನ್ನ ಒಡವೆಯನ್ನು ತಾನೇ ತೊಟ್ಟು ತಾನೇ ಕಳಚುವ ಹೆಣ್ಣಿಗೆ ಹೊಸ ಕೊಂಡಿಯು ತಂದುದು ಕೇವಲ ಅನುಕೂಲವಲ್ಲ.

ಹಳೆಯ ಕೈಗೆಲಸಕ್ಕೆ ದೊಡ್ಡ ಪೆಟ್ಟು ಬಿದ್ದುದು 1963ರಲ್ಲಿ. ಆ ವರ್ಷದ ಜನವರಿಯಲ್ಲಿ ಬಂದ ಬಂಗಾರ ನಿಯಂತ್ರಣದ ನಿಯಮಗಳು 14 ಕ್ಯಾರೆಟ್ಟಿಗಿಂತ ಚೊಕ್ಕವಾದ ಹೊಸ ಒಡವೆಗಳನ್ನು ನಿಷೇಧಿಸಿದವು. ದೇಶದಲ್ಲೆಲ್ಲ ಅನೇಕ ಅಕ್ಕಸಾಲಿಗರು ಉದ್ಯೋಗ ಕಳೆದುಕೊಂಡರು. 1968ರಲ್ಲಿ ಬಂದ ಬಂಗಾರ ನಿಯಂತ್ರಣ ಕಾಯದೆಯು 1990ರಲ್ಲಿ ರದ್ದಾಯಿತು. ಆದರೆ ಮಗನಿಗೆ ಕಲಿಸದೆ ಬಿಟ್ಟ ಕೈಗೆಲಸವು ಕಾಯದೆ ಹೋದೊಡನೆ ಮರಳಿ ಬಾರದು.

ಈಗ ಹಳೆಯ ಒಡವೆಯು ಅಂಗಡಿಗೆ ಹೋದರೆ ತೂಕವಾಗುವದು, ಕರಗುವದು. ದಾರ ಗೊಂಡೆಗಳಿಗೆ ಬೆಲೆಯಿಲ್ಲ; ಕೈತಿರುಪಿಗೆ ಅದರ ಬಂಗಾರದ ಬೆಲೆಯಷ್ಟೇ. ಬೆರಳು ಸೆಟೆದ ಮುದುಕಿಯು ತಿರುಪನ್ನು ಬಿಚ್ಚಲಾರೆನೆಂದರೆ ಮನೆಯವರು ಒಡವೆಯನ್ನೇ ಮುರಿಸುವರು. ಅದರ ಅವಶ್ಯಕತೆ ಇಲ್ಲ. ಸರದ ಎರಡು ತುದಿಗಳಿಗೆ ಹೊಸ ಕೊಂಡಿಯನ್ನು ಕೂಡಿಸಿ ಹಳೆಯ ಗೊಂಡೆಯನ್ನು ಕಾದಿಡಬಹುದು. ಜೀರ್ಣವಾದ ದಾರವನ್ನು ಮಾತ್ರ ಬದಲಿಸಬಹುದು. ಅಯಸ್ಕಾಂತದ ಕೊಂಡಿಯು ಮುದಿ ಕೈಗಳಿಗೆ ಬಹು ಸುಲಭ. ಆದರೆ ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ವೈದ್ಯರನ್ನು ಕೇಳದೆ ಅದನ್ನು ತೊಡಬಾರದು.

ಮುರಿಸಲೇಬೇಕಾದ ಪ್ರಸಂಗ ಬಂದರೆ, ಅದಕ್ಕೆ ಮೊದಲು ಒಡವೆಯನ್ನು ತಿರುವಿ ಹಿಂಬದಿಯ ಚಿತ್ರವನ್ನು ತೆಗೆದಿಡಬೇಕು. ಅದರ ಕೊಂಡಿಗೆ ಮನೆಯ ಹಿರಿಯರು ಯಾವ ಹೆಸರನ್ನು ಹೇಳುವರೆಂಬುದನ್ನು ಬರೆದುಕೊಳ್ಳಬೇಕು. ಶಿಲ್ಪಿಗಳು ಕಡೆಯದೆ ಬಿಟ್ಟ ಹೆಗ್ಗತ್ತಿನ ಇತಿಹಾಸವನ್ನು ಬರೆದಿಡುವ ಕೆಲಸವು ನಮ್ಮ ನಮ್ಮ ಮನೆಗಳಲ್ಲಿಯೇ ಆಗತಕ್ಕದ್ದು.