ಹನ್ನೊಂದು ವರ್ಷ ಕಾದ ದುರಸ್ತಿ

2016ರ ಅಕ್ಟೋಬರ್ ತಿಂಗಳಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರು ಲಿನಕ್ಸ್ ಕರ್ನೆಲ್‌ಗೆ ಕೆಲವೇ ಸಾಲುಗಳ ತಿದ್ದುಪಡಿಯೊಂದನ್ನು ಸೇರಿಸಿದರು. ಜೊತೆಗೆ ಬರೆದಿಟ್ಟ ಟಿಪ್ಪಣಿಯಲ್ಲಿ, ಇದು ಬಹು ಹಳೆಯ ದೋಷವೆಂದೂ ಹನ್ನೊಂದು ವರ್ಷಗಳ ಹಿಂದೆ ತಾವೇ ಇದನ್ನು ಸರಿಪಡಿಸಲು ಹೋಗಿ ಚೆನ್ನಾಗಿ ಮಾಡಲಾಗಲಿಲ್ಲವೆಂದೂ ಒಪ್ಪಿಕೊಂಡರು. 'ಡರ್ಟಿ ಕೌ' ಎಂದು ಹೆಸರಾದ ಆ ದೋಷದ ಕಥೆಯನ್ನು, ಕಡತಗಳ ನಡುವೆಯೇ ಉದ್ಯೋಗಜೀವನ ಕಳೆಯುತ್ತಿರುವ ನಾವು ಬೇರೊಂದು ಕುತೂಹಲದಿಂದ ಓದಿದೆವು.

ಕರ್ನೆಲ್ ಎಂದರೆ ಗಣಕದ ಕಾರ್ಯಾಚರಣ ವ್ಯವಸ್ಥೆಯ ತಿರುಳು. ಯಾವ ತಂತ್ರಾಂಶಕ್ಕೆ ಎಷ್ಟು ಮೆಮೊರಿ, ಯಾವ ಬಳಕೆದಾರ ಯಾವ ಕಡತವನ್ನು ಓದಬಹುದು, ಯಾವುದರಲ್ಲಿ ಬರೆಯಬಹುದು ಎಂಬುದನ್ನೆಲ್ಲ ನಿರ್ಧರಿಸುವುದು ಅದೇ. ದೊಡ್ಡ ಸರ್ವರ್‌ಗಳಿಂದ ಹಿಡಿದು ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನವರೆಗೆ ಲಿನಕ್ಸ್ ಕರ್ನೆಲ್ ಹರಡಿಕೊಂಡಿದೆ.

ಹೆಸರಿನಲ್ಲಿರುವ 'ಕೌ' ಹಸುವಲ್ಲ. 'ಕಾಪಿ ಆನ್ ರೈಟ್' ಎಂಬ ಮೂರು ಪದಗಳ ಮೊದಲಕ್ಷರಗಳು ಸೇರಿ ಆದದ್ದು. ಬರೆಯುವಾಗ ಮಾತ್ರ ನಕಲು ಮಾಡು ಎಂಬುದು ಅದರ ಅರ್ಥ. ಕಚೇರಿಯ ದಾಖಲೆ ಕೋಣೆಯನ್ನು ನೆನೆಯೋಣ. ಒಂದೇ ಮೂಲಪ್ರತಿಯನ್ನು ಹತ್ತು ಮಂದಿ ಓದಬಹುದು. ಯಾರಾದರೂ ಅದರ ಮೇಲೆ ಬರೆಯಬೇಕೆಂದರೆ ಗುಮಾಸ್ತ ಅವರಿಗೆ ಪ್ರತ್ಯೇಕ ನಕಲೊಂದನ್ನು ಮಾಡಿಕೊಡುತ್ತಾನೆ, ಮೂಲ ಕೆಡುವುದಿಲ್ಲ. ಮೆಮೊರಿಯ ಪುಟಗಳ ವಿಷಯದಲ್ಲಿ ಕರ್ನೆಲ್ ಅನುಸರಿಸುವುದೂ ಇದೇ ಕ್ರಮವನ್ನು.

ದೋಷವಿದ್ದದ್ದು ಎರಡು ಹೆಜ್ಜೆಗಳ ನಡುವಿನ ಕ್ಷಣದಲ್ಲಿ. ನಕಲು ಸಿದ್ಧವಾದೊಡನೆ ಕರ್ನೆಲ್, ಬರೆಯುವ ಅನುಮತಿಯ ಪ್ರಶ್ನೆ ಮುಗಿಯಿತೆಂದು ಭಾವಿಸಿ, ಕೋರಿಕೆಯಿಂದ 'ಬರೆಯಲು' ಎಂಬ ಗುರುತನ್ನೇ ತೆಗೆದುಹಾಕುತ್ತಿತ್ತು. ಅಷ್ಟರಲ್ಲಿ ಅದೇ ತಂತ್ರಾಂಶದ ಇನ್ನೊಂದು ಎಳೆ ಆ ನಕಲನ್ನು ಬೇಡವೆಂದು ಎಸೆದುಬಿಟ್ಟರೆ, ಗುಮಾಸ್ತ ಮತ್ತೆ ಹುಡುಕಿದಾಗ ಸಿಗುವುದು ಮೂಲಪ್ರತಿ. ಕೋರಿಕೆ ಓದಲಿಕ್ಕೆಂದೇ ಇರುವಂತೆ ಕಾಣುವುದರಿಂದ ಅವನು ಅದನ್ನೇ ತಂದುಕೊಡುತ್ತಾನೆ. ಶಾಯಿ ಮೂಲದ ಮೇಲೆಯೇ ಬೀಳುತ್ತದೆ. ಹೀಗೆ ಓದುವ ಹಕ್ಕು ಮಾತ್ರ ಇದ್ದ ಸಾಮಾನ್ಯ ಬಳಕೆದಾರನೂ ವ್ಯವಸ್ಥೆಯ ಮುಖ್ಯ ಕಡತಗಳನ್ನು ತಿದ್ದಿ ಇಡೀ ಗಣಕದ ಒಡೆಯನಾಗಬಹುದಿತ್ತು.

2005ರ ಆಗಸ್ಟ್‌ನಲ್ಲಿ ಟೊರ್ವಾಲ್ಡ್ಸ್ ಇದಕ್ಕೊಂದು ಪರಿಹಾರ ಹಾಕಿದ್ದರು. ಪುಟದಲ್ಲಿ ಈಗಾಗಲೇ ಬರೆಯಲಾಗಿದೆ ಎಂದು ಸೂಚಿಸುವ 'ಡರ್ಟಿ' ಗುರುತನ್ನು ಅದು ನಂಬಿತ್ತು. ಆದರೆ ಐಬಿಎಂನ ಎಸ್390 ಯಂತ್ರಗಳಲ್ಲಿ ಆ ಗುರುತು ಇರುತ್ತಿದ್ದ ಜಾಗವೇ ಬೇರೆ. ಅಲ್ಲಿ ತೊಂದರೆಯಾದ್ದರಿಂದ ಕೆಲವೇ ದಿನಗಳಲ್ಲಿ ಆ ಪರಿಹಾರವನ್ನು ಹಿಂತೆಗೆಯಲಾಯಿತು. ಇಂಥ ಪೈಪೋಟಿ ಆಗಿನ ಯಂತ್ರಗಳಲ್ಲಿ ಬರಿಯ ತಾತ್ತ್ವಿಕ ಸಾಧ್ಯತೆಯಾಗಿತ್ತು. 2007ರ 2.6.22 ಆವೃತ್ತಿಯಿಂದ ಮುಂದಿನ ಕರ್ನೆಲ್‌ಗಳೆಲ್ಲ ಈ ಅಪಾಯವನ್ನು ಹೊತ್ತೇ ಬಂದವು. ಎಸ್390ರ ಅಡಚಣೆ 2013ರ 3.9 ಆವೃತ್ತಿಯಲ್ಲಿಯೇ ನೀಗಿತ್ತು. ಆದರೂ ಬಾಕಿ ಉಳಿದ ಕೆಲಸ ಯಾರಿಗೂ ನೆನಪಾಗಲಿಲ್ಲ. ಈ ನಡುವೆ ಕರ್ನೆಲ್‌ನ ಮೆಮೊರಿ ನಿರ್ವಹಣೆ ಬೆಳೆದಂತೆ, ತಾತ್ತ್ವಿಕವೆನಿಸಿದ್ದ ಪೈಪೋಟಿಯನ್ನು ಬೇಕೆಂದಾಗ ಹುಟ್ಟಿಸುವುದು ಸುಲಭವಾಗುತ್ತ ಬಂದಿತು.

ಅದನ್ನು ಕಂಡುಹಿಡಿದವರು ಫಿಲ್ ಓಸ್ಟರ್. ಸರ್ವರ್‌ಗೆ ಬರುವ ಸಂಚಾರವನ್ನೆಲ್ಲ ದಾಖಲಿಸಿಡುವ ಅಭ್ಯಾಸ ಅವರಿಗಿತ್ತು. ದಾಳಿಕೋರನೊಬ್ಬ ಬಳಸಿದ ಸಾಧನ ಆ ದಾಖಲೆಯಲ್ಲಿ ಸಿಕ್ಕಿಬಿದ್ದಿತು. ಅಂದರೆ ದೋಷ ಬೆಳಕಿಗೆ ಬರುವ ಮೊದಲೇ ಯಾರೋ ಅದನ್ನು ಬಳಸುತ್ತಿದ್ದರು. ಹೊಸ ತಿದ್ದುಪಡಿ 'ಬರೆಯಲು' ಎಂಬ ಗುರುತನ್ನು ತೆಗೆಯುವುದಿಲ್ಲ. ನಕಲು ಆಗಿದೆ ಎಂಬುದಕ್ಕೆ ಬೇರೆಯೇ ಒಂದು ಗುರುತನ್ನು ಸೇರಿಸಿ, ಡರ್ಟಿ ಗುರುತಿನೊಡನೆ ಅದನ್ನು ತಾಳೆ ನೋಡುತ್ತದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. 2017ರ ಸೆಪ್ಟೆಂಬರ್‌ನಲ್ಲಿ, ಇದೇ ದೋಷವನ್ನು ಬಳಸಿ ಆಂಡ್ರಾಯ್ಡ್ ಫೋನುಗಳನ್ನು ಹಿಡಿಯುವ 'ಝಡ್‌ನಿಯು' ಎಂಬ ಕುತಂತ್ರಾಂಶವನ್ನು ಟ್ರೆಂಡ್ ಮೈಕ್ರೋ ಸಂಸ್ಥೆ ವರದಿ ಮಾಡಿತು; ಅದಕ್ಕೆ ತುತ್ತಾದವರಲ್ಲಿ ಹೆಚ್ಚಿನವರು ಚೀನಾ ಮತ್ತು ಭಾರತದವರು. ಪರಿಹಾರ ಸಿದ್ಧವಾಗಿ ಸುಮಾರು ಒಂದು ವರ್ಷವಾಗಿತ್ತು. ಆ ಫೋನುಗಳಿಗೆ ಅದು ತಲುಪಿರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ, ಹೊಸ ತಿದ್ದುಪಡಿ ದೊಡ್ಡ ಗಾತ್ರದ ಪುಟಗಳನ್ನು ಪೂರ್ತಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂಬುದು ಹೊರಬಿತ್ತು. ಅಪಾಯ ಮೊದಲಿನಷ್ಟು ದೊಡ್ಡದಾಗಿರಲಿಲ್ಲ, ಆದರೆ ದುರಸ್ತಿಗೂ ದುರಸ್ತಿ ಬೇಕಾಯಿತು.

ಕಚೇರಿಗಳಲ್ಲಿ 'ಸದ್ಯಕ್ಕೆ ಹೀಗಿರಲಿ' ಎಂದು ಬರೆದ ಟಿಪ್ಪಣಿಗಳು ಬರೆದವರ ವರ್ಗಾವಣೆಯ ನಂತರವೂ ಕಡತದಲ್ಲಿ ಉಳಿಯುವುದನ್ನು ನಾವು ಬಲ್ಲೆವು. 2005ರಲ್ಲಿ ಪರಿಹಾರವನ್ನು ಹಿಂತೆಗೆದವರು ಆಲಸಿಗಳಲ್ಲ. ಕಣ್ಣೆದುರಿನ ಯಂತ್ರವೊಂದು ಕೆಡುತ್ತಿದ್ದಾಗ ಅವರ ನಿರ್ಧಾರ ಸಕಾರಣವಾಗಿಯೇ ಇತ್ತು. ಕಾರಣ ಹೋದ ಮೇಲೂ ನಿರ್ಧಾರ ಉಳಿದದ್ದೇ ತೊಂದರೆ. ಟೊರ್ವಾಲ್ಡ್ಸ್ ಅವರ ಟಿಪ್ಪಣಿ ನಮಗೆ ಮುಖ್ಯವೆನಿಸುವುದು ಇದಕ್ಕಾಗಿ. ಮೊದಲ ಪ್ರಯತ್ನ ಯಾವುದು, ಅದು ಏಕೆ ಬಿದ್ದಿತು, ಆ ಅಡ್ಡಿ ಯಾವಾಗ ತೊಲಗಿತು ಎಂಬುದನ್ನು ಅದು ಕ್ರಮವಾಗಿ ಹೇಳುತ್ತದೆ. ಮುಂದೆ ಆ ಸಾಲುಗಳನ್ನು ತೆಗೆಯಲು ಹೊರಡುವವರು ಮೊದಲು ಅದನ್ನು ಓದಬಹುದು.