ಪಟ್ಟಿ

ಮನೆ ಮುಂದೆ ತಾವೇ ಹಲಗೆ ಜೋಡಿಸಿ ಜಗಲಿ ಮಾಡಿಕೊಂಡವರಿಗೆ ಸವಣೂರಿನ ಕಡೆ ಬಡಿಗರು ಹೇಳುವುದು ಒಂದೇ: ಅಂಚಿಗೆ ಪಟ್ಟಿ ಹೊಡೀರಿ.

ಪದದ ಮೂಲ ಸಂಸ್ಕೃತದ 'ಪಟ್ಟಿಕಾ'. ಉದ್ದನೆಯ ಬಟ್ಟೆತುಂಡು, ಹಲಗೆ ಎರಡೂ ಅದರ ಅರ್ಥ. ಅರಸನ ಹಣೆಗೆ ಕಟ್ಟುತ್ತಿದ್ದ 'ಪಟ್ಟ'ವೂ ಇದೇ ಮನೆತನದ್ದು. ಕೊರಳಪಟ್ಟಿ, ಸೊಂಟಪಟ್ಟಿಗೆ ಬಟ್ಟೆತುಂಡಿನ ಅರ್ಥವೇ ಸರಿ. ಜಾತ್ರೆಗೆ ವಂತಿಗೆ ಕೂಡಿಸುವ 'ಪಟ್ಟಿ ಎತ್ತುವುದು' ಮಾತ್ರ ಹೆಸರು ಬರೆದ ಉದ್ದ ಚೀಟಿಯಿಂದ ಬಂದಿರಬೇಕು.

ಬಡಿಗನ ಪಟ್ಟಿ ಬರೀ ಅಂದಕ್ಕಲ್ಲ. ಹಲಗೆಯ ಕೊಯ್ದ ತುದಿ ಮೈಗಿಂತ ಬೇಗ ಮಳೆನೀರು ಹೀರುತ್ತದೆ. ಸೀಳು ಶುರುವಾಗುವುದು ಅಲ್ಲೇ. ನೂಲು ಹಿಡಿದು ತುದಿಗಳನ್ನು ಒಂದೇ ಗೆರೆಗೆ ಕೊಯ್ದು, ಎಣ್ಣೆ ಕುಡಿಸಿ, ನೀರಿಳಿಯಲು ಕಡ್ಡಿಯಷ್ಟು ಸಂದು ಬಿಟ್ಟು ಪಟ್ಟಿ ಕೂಡಿಸಬೇಕು. ಮೂಲೆಯಲ್ಲಿ ಎರಡೂ ಪಟ್ಟಿಗಳನ್ನು 45 ಡಿಗ್ರಿಗೆ ಕೊಯ್ದು ಸೇರಿಸಿದರೆ ಕೊಯ್ದ ತುದಿ ಕಣ್ಣಿಗೇ ಬೀಳದು.