ಭಾರತದ ಮುಸ್ಲಿಂ ಸಮಾಜದ ಅಧ್ಯಯನ: ನ್ಯಾಯಾಲಯದ ಗ್ರಂಥ, ಊರಿನ ಬದುಕು

1772ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳದ ನ್ಯಾಯಾಡಳಿತಕ್ಕೊಂದು ಯೋಜನೆ ರೂಪಿಸಿದ. ಮದುವೆ, ಉತ್ತರಾಧಿಕಾರ, ಧಾರ್ಮಿಕ ಆಚಾರಗಳ ವ್ಯಾಜ್ಯ ಬಂದಾಗ ಮುಸ್ಲಿಮರಿಗೆ ಕುರ್‌ಆನಿನ ಕಾನೂನು, ಹಿಂದೂಗಳಿಗೆ ಶಾಸ್ತ್ರದ ಕಾನೂನು ಎಂದು ಅದು ಗೊತ್ತುಮಾಡಿತು. ಭಾರತದಲ್ಲಿ ಇಸ್ಲಾಮಿನ ಆಧುನಿಕ ಅಧ್ಯಯನ ಶುರುವಾದದ್ದು ಈ ಆಡಳಿತದ ಗರಜಿನಿಂದ. 1780ರಲ್ಲಿ ಕಲ್ಕತ್ತಾ ಮದರಸಾ ತೆರೆಯಿತು. 1784ರಲ್ಲಿ ವಿಲಿಯಂ ಜೋನ್ಸ್ ಏಷಿಯಾಟಿಕ್ ಸೊಸೈಟಿಯನ್ನು ಕಟ್ಟಿದ. ಇಂಗ್ಲಿಷ್ ನ್ಯಾಯಾಧೀಶರಿಗೆ ಅರಬ್ಬಿ ಬರುತ್ತಿರಲಿಲ್ಲ. ಹೀಗಾಗಿ 12ನೆಯ ಶತಮಾನದ ಮಧ್ಯ ಏಷ್ಯಾದ ವಿದ್ವಾಂಸ ಮರ್ಗೀನಾನಿ ಅರಬ್ಬಿಯಲ್ಲಿ ಬರೆದಿದ್ದ ಹನಫಿ ಪಂಥದ ಕಾನೂನು ಗ್ರಂಥ ‘ಹಿದಾಯಾ’ವನ್ನು ಮೌಲವಿಗಳು ಪಾರ್ಸಿಗೆ ತಂದರು, ಆ ಪಾರ್ಸಿಯಿಂದ ಚಾರ್ಲ್ಸ್ ಹ್ಯಾಮಿಲ್ಟನ್ ಇಂಗ್ಲಿಷಿಗೆ ತಂದ. ಅದು 1791ರಲ್ಲಿ ನಾಲ್ಕು ಸಂಪುಟಗಳಲ್ಲಿ ಅಚ್ಚಾಯಿತು.

‘ಹಿದಾಯಾ’ ಮೂಲತಃ ವಾದಗಳ ಗ್ರಂಥ. ಒಂದೇ ಪ್ರಶ್ನೆಗೆ ಪಂಥದ ಮೂಲಪುರುಷ ಅಬೂ ಹನೀಫಾ ಏನೆಂದರು, ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಎಲ್ಲಿ ಗುರುವನ್ನು ಒಪ್ಪಲಿಲ್ಲ, ಶಾಫಿಈ ಪಂಥದ ನಿಲುವೇನು ಎಂದು ಚರ್ಚಿಸುತ್ತಾ ಹೋಗುತ್ತದೆ. ಮದರಸಾದಲ್ಲಿ ಗುರುವಿನ ಎದುರು ಕೂತು ಓದುವ ಪಠ್ಯವದು. ಕಂಪನಿಯ ಕೋರ್ಟಿನಲ್ಲಿ ಅದೇ ಕಾಯ್ದೆ ಪುಸ್ತಕವಾಯಿತು. ಮೊದಮೊದಲು ನ್ಯಾಯಾಧೀಶರ ಪಕ್ಕದಲ್ಲಿ ಖಾಜಿಗಳೂ ಮುಫ್ತಿಗಳೂ ಸಲಹೆಗೆ ಇರುತ್ತಿದ್ದರು. 1864ರಲ್ಲಿ ಆ ಹುದ್ದೆಗಳು ರದ್ದಾದ ಮೇಲೆ ನ್ಯಾಯಾಧೀಶರಿಗೆ ಉಳಿದದ್ದು ಇಂಗ್ಲಿಷ್ ಅನುವಾದಗಳು ಮಾತ್ರ. ಮುಸ್ಲಿಮರ ಬದುಕನ್ನು ತಿಳಿಯಲು ಗ್ರಂಥ ಬಿಚ್ಚಿದರೆ ಸಾಕು ಎಂಬ ನಂಬಿಕೆ ಹೀಗೆ ಕಚೇರಿಯ ಪದ್ಧತಿಯಾಗಿ ಬೇರೂರಿತು. ಅದು ಎಷ್ಟು ಗಟ್ಟಿಯಾಗಿ ಬೇರೂರಿತೆಂದರೆ, ನಂತರದ ಎರಡು ಶತಮಾನಗಳ ಸಂಶೋಧನೆ ಅದನ್ನು ಅಲುಗಾಡಿಸಲು ಹೆಣಗುತ್ತಲೇ ಬಂದಿದೆ.

ಆ ನಂಬಿಕೆಗೆ ಅಡ್ಡಬಂದ ಪ್ರಕರಣಗಳೂ ಉಂಟು. 1847ರಲ್ಲಿ ಮುಂಬಯಿಯ ಖೋಜಾ ಮತ್ತು ಮೆಮನ್ ಸಮುದಾಯದ ಹೆಣ್ಣುಮಕ್ಕಳು ಕುರ್‌ಆನಿನ ಪ್ರಕಾರ ತಂದೆಯ ಆಸ್ತಿಯಲ್ಲಿ ಪಾಲು ಕೇಳಿದರು. ನ್ಯಾಯಾಧೀಶ ಅರ್ಸ್‌ಕಿನ್ ಪೆರಿ ಸಮುದಾಯದ ರೂಢಿಯನ್ನೇ ಎತ್ತಿಹಿಡಿದು ಪಾಲು ನಿರಾಕರಿಸಿದ. ಗ್ರಂಥ ಬಿಗಿ, ರೂಢಿ ಉದಾರ ಎಂಬ ಸರಳ ಲೆಕ್ಕ ಇಲ್ಲಿ ತಿರುವುಮುರುವಾಗಿದೆ. ಇಂಥ ರೂಢಿಗಳ ಅಧಿಕಾರವನ್ನು ಬಹುಮಟ್ಟಿಗೆ ಮುರಿದದ್ದು 1937ರ ಶರೀಅತ್ ಕಾಯ್ದೆ.

ಗ್ರಂಥವನ್ನು ಬದಿಗಿಟ್ಟು ಜನರ ಕಡೆ ನೋಡಿದ ಮೊದಲ ದೊಡ್ಡ ಪ್ರಯತ್ನ ದಕ್ಷಿಣದಿಂದ ಬಂತು. 1832ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ‘ಖಾನೂನ್-ಎ-ಇಸ್ಲಾಂ’ನ ಕರ್ತೃ ದಖ್ಖನಿನ ಜಾಫರ್ ಶರೀಫ್. ಬರೆಸಿ, ಇಂಗ್ಲಿಷಿಗೆ ಅನುವಾದಿಸಿದವನು ಮದರಾಸು ಸರ್ಕಾರದ ಸರ್ಜನ್ ಜಿ. ಎ. ಹರ್ಕ್ಲೋಟ್ಸ್. ಹೆಸರಿನಲ್ಲಿ ಖಾನೂನ್ ಇದ್ದರೂ ಒಳಗಿರುವುದು ಕಾನೂನಲ್ಲ, ಮನೆಮಠದ ಆಚಾರ. ಬಸುರಿಯ ಏಳನೆಯ ತಿಂಗಳ ಶಾಸ್ತ್ರದಿಂದ ಹಿಡಿದು ಬಾಣಂತಿಯ ನಲವತ್ತು ದಿನ, ಮಗುವಿಗೆ ನಾಲ್ಕು ವರ್ಷ ನಾಲ್ಕು ತಿಂಗಳು ನಾಲ್ಕು ದಿನ ತುಂಬಿದಾಗ ಮಾಡುವ ಬಿಸ್ಮಿಲ್ಲಾ, ಮದುವೆಯ ಅರಿಶಿನ, ಮೊಹರಮ್ಮಿನ ಪಂಜಾಗಳು, ಯಂತ್ರ ತಾಯಿತಗಳು, ಕೊನೆಗೆ ಮಣ್ಣು ಮಾಡುವುದರವರೆಗೆ ಎಲ್ಲವೂ ಅಲ್ಲಿವೆ. ಜಾಫರ್ ಶರೀಫ್ ಕೆಲವು ಆಚಾರಗಳನ್ನು ಶರೀಅತ್ತಿಗೆ ಹೊರತು ಎಂದು ತಾನೇ ಗುರುತಿಸುತ್ತಾನೆ. ಆದರೂ ಅವುಗಳ ವಿವರವನ್ನು ಬಿಡುವುದಿಲ್ಲ. ಈ ಎರಡು ಬಗೆಯ ಎಚ್ಚರವೇ ಪುಸ್ತಕದ ಬೆಲೆ. 1921ರಲ್ಲಿ ವಿಲಿಯಂ ಕ್ರೂಕ್ ಇದನ್ನು ಪರಿಷ್ಕರಿಸುವಾಗ ಅಧ್ಯಾಯಗಳನ್ನು ಮರುಜೋಡಿಸಿ, ಉತ್ತರ ಭಾರತದ ಸಾಮಗ್ರಿ ತುಂಬಿದ. ಹೊಸ ಆವೃತ್ತಿ ವಿದ್ವಾಂಸರಿಗೆ ಅನುಕೂಲವಾಯಿತು, ಆದರೆ ದಖ್ಖನಿನ ಒಬ್ಬ ಮನುಷ್ಯ ತನ್ನ ಸುತ್ತಲಿನ ಬದುಕನ್ನು ತಾನೇ ಹೇಳುತ್ತಿದ್ದ ದನಿ ಅದರಲ್ಲಿ ತಗ್ಗಿತು.

1857ರ ದಂಗೆಯ ನಂತರ ಸರ್ಕಾರದ ಪ್ರಶ್ನೆ ಬದಲಾಯಿತು. 1871ರಲ್ಲಿ ಡಬ್ಲ್ಯು. ಡಬ್ಲ್ಯು. ಹಂಟರ್ ಬರೆದ ‘ದಿ ಇಂಡಿಯನ್ ಮುಸಲ್ಮಾನ್ಸ್’ ಗ್ರಂಥದ ಉಪಶೀರ್ಷಿಕೆಯೇ ಮುಸ್ಲಿಮರು ರಾಣಿಯ ವಿರುದ್ಧ ದಂಗೆಯೇಳಲು ಧರ್ಮಬದ್ಧರೇ ಎಂದು ಕೇಳುತ್ತದೆ. ಪುಸ್ತಕದ ಮೊದಲ ಭಾಗ ಜಿಹಾದ್, ಫತ್ವಾಗಳ ವಿಚಾರ. ಕೊನೆಯ ಭಾಗದಲ್ಲಿ ಮಾತ್ರ ಹಂಟರ್ ಬೇರೆಯೇ ದಾರಿ ಹಿಡಿದು ಸರ್ಕಾರಿ ಹುದ್ದೆಗಳನ್ನು ಎಣಿಸುತ್ತಾನೆ. ಅವನು ಪಟ್ಟಿಮಾಡಿದ ಬಂಗಾಳದ 2,111 ಗೆಜೆಟೆಡ್ ಹುದ್ದೆಗಳಲ್ಲಿ ಮುಸ್ಲಿಮರಿದ್ದದ್ದು 92. ತನ್ನ ಮಾತು ಕೆಳಬಂಗಾಳಕ್ಕೆ ಮಾತ್ರ ಅನ್ವಯ ಎಂದು ಅವನೇ ಹೇಳಿದ್ದರೂ ಓದುಗರು ಅದನ್ನು ಇಡೀ ದೇಶದ ಚಿತ್ರವೆಂದೇ ತಿಳಿದರು. ಸರ್ ಸಯ್ಯದ್ ಅಹಮದ್ ಖಾನ್ ಮರುವರ್ಷವೇ ಅದಕ್ಕೆ ಖಂಡನೆ ಬರೆದರು. 1872ರ ಜನಗಣತಿ ಇನ್ನೊಂದು ಅಚ್ಚರಿ ತಂದಿತು. ಬಂಗಾಳದ ಪೂರ್ವ ಜಿಲ್ಲೆಗಳ ರೈತರಲ್ಲಿ ಹೆಚ್ಚಿನವರು ಮುಸ್ಲಿಮರು ಎಂಬುದು ಸರ್ಕಾರಕ್ಕೆ ಗೊತ್ತಾದದ್ದೇ ಆಗ. ದಿಲ್ಲಿಯ ಹತ್ತಿರ ಇರಬೇಕಾದ ಜನ ಅಷ್ಟು ದೂರದ ಜೌಗು ನೆಲದಲ್ಲಿ ಹೇಗೆ? ಈ ಪ್ರಶ್ನೆಗೆ ಬಂದ ಉತ್ತರಗಳು ಬಹುಕಾಲ ಖಡ್ಗ, ವಲಸೆ ಇಲ್ಲವೇ ಜಾತಿಯಿಂದ ಬಿಡುಗಡೆಯ ಸುತ್ತಲೇ ತಿರುಗಿದವು. 1901ರ ಬಂಗಾಳದ ಗಣತಿ ಅಶ್ರಾಫ್ (ಕುಲೀನರು), ಅಜ್ಲಾಫ್ (ಕೆಳವರ್ಗದವರು), ಅರ್ಜಲ್ (ಅತಿ ಕೆಳಗಿನವರು) ಎಂಬ ಶ್ರೇಣಿಗಳನ್ನೂ ದಾಖಲಿಸಿತು. ಅಂಬೇಡ್ಕರ್ ತಮ್ಮ ಪಾಕಿಸ್ತಾನ ಕುರಿತ ಪುಸ್ತಕದಲ್ಲಿ ಆ ವಿವರವನ್ನು ಉದ್ಧರಿಸಿದ್ದಾರೆ.

ವಿಶ್ವವಿದ್ಯಾಲಯಗಳ ಕಥೆ ಇದಕ್ಕೆ ಸಮಾನಾಂತರ. ಅಲಿಗಢದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಟಿ. ಡಬ್ಲ್ಯು. ಅರ್ನಾಲ್ಡ್ 1896ರಲ್ಲಿ ‘ದಿ ಪ್ರೀಚಿಂಗ್ ಆಫ್ ಇಸ್ಲಾಂ’ ಪ್ರಕಟಿಸಿ ಮತಪ್ರಸಾರದಲ್ಲಿ ಬೋಧಕರ ಪಾತ್ರವನ್ನು ಮುಂದಿಟ್ಟ. ಅಲ್ಲಿ ಅವನ ಸಹೋದ್ಯೋಗಿ ಶಿಬ್ಲಿ ನೊಮಾನಿ. ಲಾಹೋರಿನಲ್ಲಿ ಅಧ್ಯಾಪಕನಾಗಿದ್ದ ಕೆನಡಾದ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ 1943ರಲ್ಲಿ ‘ಮಾಡರ್ನ್ ಇಸ್ಲಾಂ ಇನ್ ಇಂಡಿಯಾ’ ಬರೆದು, ಸುಧಾರಣೆಯ ವಿಚಾರಗಳನ್ನು ವರ್ಗಸಂಬಂಧದ ಹಿನ್ನೆಲೆಯಲ್ಲಿಟ್ಟು ನೋಡಿದ. ಅನಂತರ ಮಾಂಟ್ರಿಯಲ್‌ನ ಮೆಕ್‌ಗಿಲ್‌ನಲ್ಲಿ ಅವನು ಇಸ್ಲಾಮಿಕ್ ಅಧ್ಯಯನದ ಸಂಸ್ಥೆಯೊಂದನ್ನು ಸ್ಥಾಪಿಸಿದ.

ಸ್ವಾತಂತ್ರ್ಯಾನಂತರದ ಸಮಾಜಶಾಸ್ತ್ರ ಹಳ್ಳಿಗೆ ಹೊರಟಿತು, ಆದರೆ ಮುಸ್ಲಿಮರ ಕೇರಿಗೆ ಅಪರೂಪಕ್ಕೆ ಹೋಯಿತು. ಹಾಗೆ ಹೋದವರಲ್ಲಿ ಮೊದಲಿಗರೊಬ್ಬರು ವಿಕ್ಟರ್ ಡಿಸೋಜ. ಭಟ್ಕಳ ಮತ್ತು ಸುತ್ತಲಿನ ಕರಾವಳಿಯ ನವಾಯತರನ್ನು ಕುರಿತ ಅವರ ಅಧ್ಯಯನವನ್ನು 1955ರಲ್ಲಿ ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆ ಪ್ರಕಟಿಸಿತು. ಅರಬ್ ವ್ಯಾಪಾರಿಗಳ ಸಂಪರ್ಕದಿಂದ ಬೆಳೆದ, ಕೊಂಕಣಿಗೆ ಹತ್ತಿರದ ಮಾತಾಡುವ ಈ ಸಮುದಾಯವನ್ನು ಅವರು ಸಂಸ್ಕೃತಿಗಳ ಸಂಪರ್ಕದ ಉದಾಹರಣೆಯಾಗಿ ಕಂಡರು. ನಾಲ್ಕು ವರ್ಷದ ನಂತರ ಕೇರಳದ ಮಾಪಿಳ್ಳೆ ಮುಸ್ಲಿಮರ ಬಗ್ಗೆ ಬರೆದ ಲೇಖನದಲ್ಲಿ ತಂಙಳರು, ಮೀನುಗಾರ ಪುಸಲರು, ಕ್ಷೌರಿಕ ಒಸ್ಸಾನರು ಹೀಗೆ ಒಳಪಂಗಡಗಳನ್ನು ಬಿಡಿಸಿ ತೋರಿಸಿದರು.

ಈ ಬಿಡಿ ಎಳೆಗಳನ್ನು ಒಟ್ಟುಗೂಡಿಸಿ ವಾದವಾಗಿ ನಿಲ್ಲಿಸಿದವರು ಇಮ್ತಿಯಾಜ್ ಅಹಮದ್. ಭಾರತೀಯ ಸಮಾಜಶಾಸ್ತ್ರವೆಂದು ಕರೆಸಿಕೊಳ್ಳುವುದು ವಾಸ್ತವವಾಗಿ ಹಿಂದೂ ಸಮಾಜದ ಶಾಸ್ತ್ರ ಎಂದು ಅವರು 1972ರಲ್ಲಿ ಆಕ್ಷೇಪಿಸಿದರು. ಮರುವರ್ಷ ಅವರು ಸಂಪಾದಿಸಿದ, ಮುಸ್ಲಿಮರಲ್ಲಿ ಜಾತಿ ಮತ್ತು ಶ್ರೇಣೀಕರಣ ಕುರಿತ ಸಂಪುಟ ಬಂತು. ಕುಟುಂಬ, ಆಚರಣೆ, ಆಧುನೀಕರಣ ಕುರಿತ ಸಂಪುಟಗಳು 1983ರವರೆಗೆ ಒಂದರ ಹಿಂದೊಂದು ಬಂದವು. ಮೊದಲ ಸಂಪುಟದ ಹೆಚ್ಚುಗಾರಿಕೆ ಅದು ಒಂದೇ ಉತ್ತರಕ್ಕೆ ಜೋತುಬೀಳದಿರುವುದರಲ್ಲಿದೆ. ರಾಜಸ್ಥಾನದ ಮೇವರ ಹಳ್ಳಿಯಲ್ಲಿ ಜಾತಿಯ ಶ್ರೇಣಿ ನಿಚ್ಚಳ. ತಮಿಳುನಾಡಿನ ಮುಸ್ಲಿಂ ವ್ಯಾಪಾರಿಗಳಲ್ಲಿ ಅದರ ಬಿಗಿ ತೀರಾ ಕಡಿಮೆ. ಮುಸ್ಲಿಮರಲ್ಲಿ ಜಾತಿ ಇದೆಯೇ ಎಂಬ ಪ್ರಶ್ನೆಯೇ ಹೀಗೆ ಯಾವ ಊರಿನಲ್ಲಿ, ಯಾವ ಕಸುಬಿನವರಲ್ಲಿ ಎಂದು ಒಡೆಯಿತು.

ಇತಿಹಾಸಕಾರ ಫ್ರಾನ್ಸಿಸ್ ರಾಬಿನ್ಸನ್ 1983ರಲ್ಲಿ ಅಹಮದರ ಈ ಸ್ಥಳೀಯ ನೋಟಕ್ಕೆ ತಕರಾರು ತೆಗೆದ. ಸ್ಥಳೀಯ ಆಚಾರಗಳು ಇರುವುದು ನಿಜ, ಆದರೆ ಉಲೇಮಾಗಳು, ಮದರಸಾಗಳು, ಮುದ್ರಣಯಂತ್ರ ಸೇರಿ ಗ್ರಂಥಸಮ್ಮತ ಮಾದರಿಯನ್ನು ಶತಮಾನಗಳಿಂದ ಹರಡುತ್ತಲೇ ಬಂದಿವೆ. ಇಂದಿನ ಹಳ್ಳಿಯ ಚಿತ್ರವನ್ನು ಸ್ಥಿರವೆಂದು ಬಗೆಯುವುದು ತಪ್ಪು ಎಂದು ವಾದಿಸಿದ. ವೀಣಾ ದಾಸ್, ಗೇಲ್ ಮಿನಾಲ್ಟ್ ಈ ಚರ್ಚೆಗೆ ಸೇರಿಕೊಂಡರು. ಅಹಮದ್, ರಾಬಿನ್ಸನ್ ಇಬ್ಬರ ಕಡೆಯಲ್ಲೂ ಹುರುಳಿತ್ತು. ಇದೇ ಹೊತ್ತಿಗೆ ಹೊರಗೆ, 1978ರಲ್ಲಿ ಎಡ್ವರ್ಡ್ ಸೈದ್ ‘ಓರಿಯೆಂಟಲಿಸಂ’ ಬರೆದು ಪಾಶ್ಚಾತ್ಯ ಪಾಂಡಿತ್ಯದ ಅಧಿಕಾರಸಂಬಂಧವನ್ನು ಬಯಲಿಗೆಳೆದಿದ್ದ. 1986ರಲ್ಲಿ ಮಾನವಶಾಸ್ತ್ರಜ್ಞ ತಲಾಲ್ ಅಸದ್ ಇಸ್ಲಾಂ ಎಂಬುದು ಗ್ರಂಥವೂ ಅಲ್ಲ, ಆಚಾರಗಳ ರಾಶಿಯೂ ಅಲ್ಲ, ತಲೆಮಾರಿನಿಂದ ತಲೆಮಾರಿಗೆ ಸರಿ ಯಾವುದು ಎಂದು ವಾದಿಸುತ್ತಾ ಬಂದ ಪರಂಪರೆ ಎಂದ. ಈ ದೃಷ್ಟಿಯಲ್ಲಿ ದರ್ಗಾಕ್ಕೆ ಹೋಗುವವರಷ್ಟೇ ಅಲ್ಲ, ಹೋಗಬಾರದೆಂದು ಜಗಳಕ್ಕೆ ನಿಲ್ಲುವವರೂ ಅಧ್ಯಯನದ ವಸ್ತು.

ಕರ್ನಾಟಕದ ನೆಲದ ಮೇಲೆ ಈ ಕೆಲಸ ಸೂಫಿಗಳ ಸುತ್ತ ನಡೆಯಿತು. ರಿಚರ್ಡ್ ಈಟನ್‌ನ ‘ಸೂಫೀಸ್ ಆಫ್ ಬಿಜಾಪುರ್’ ಹೊರಬಂದದ್ದೂ 1978ರಲ್ಲೇ. ವಿಜಾಪುರದ ಸೂಫಿಗಳನ್ನು ಒಂದೇ ಅಚ್ಚಿನಲ್ಲಿ ಎರಕಹೊಯ್ಯದೆ ಯೋಧರು, ಸುಧಾರಕರು, ಸಾಹಿತಿಗಳು, ಭೂಮಾನ್ಯದಾರರು, ಲೋಕಾಚಾರ ಮೀರಿದ ದರವೇಶಿಗಳು ಎಂದು ಅವನು ವಿಂಗಡಿಸಿದ. ಪುಸ್ತಕದ ಬಹು ಸೊಗಸಾದ ಭಾಗ ಚಕ್ಕೀನಾಮಾಗಳದ್ದು. ಹೆಂಗಸರು ಜೋಳ ಬೀಸುವಾಗ ಹಾಡಲು ಹೊಂದಿಸಿದ ಈ ದಖನಿ ಪದಗಳು ಬೀಸುಕಲ್ಲಿನ ಗೂಟದಲ್ಲಿ ಅಲ್ಲಾಹುವಿನ ಹೆಸರಿನ ಮೊದಲ ಅಕ್ಷರ ಅಲಿಫನ್ನು ಕಾಣಿಸುತ್ತವೆ. ಸೂಫಿ ಮಠದ ತತ್ತ್ವ ಅಡುಗೆಮನೆ ಮುಟ್ಟಿದ ದಾರಿ ಇದು ಎಂಬುದು ಈಟನ್‌ನ ಊಹೆ. ಯೋಧ ಸೂಫಿಗಳ ಅಧ್ಯಾಯಕ್ಕೆ ಆಧಾರ ಸಾಲದೆಂದು ಕಾರ್ಲ್ ಅರ್ನ್‌ಸ್ಟ್ ಮುಂದೆ ಟೀಕಿಸಿದ. 1993ರಲ್ಲಿ ಈಟನ್ ಬಂಗಾಳದ ಹಳೆಯ ಒಗಟಿಗೂ ಕೈಹಾಕಿ, ಪೂರ್ವ ಬಂಗಾಳದಲ್ಲಿ ಕಾಡು ಕಡಿದು ಗದ್ದೆ ಮಾಡಿದ ಪ್ರಕ್ರಿಯೆಯೊಂದಿಗೆ ಇಸ್ಲಾಂ ಹರಡಿತೆಂದು ತೋರಿಸಿದ.

ಕನ್ನಡದಲ್ಲಿ ರಹಮತ್ ತರೀಕೆರೆಯವರ ‘ಕರ್ನಾಟಕದ ಸೂಫಿಗಳು’ ಈ ಕ್ಷೇತ್ರದ ಮುಖ್ಯ ಕೃತಿ. ಪಾರ್ಸಿ ಹಸ್ತಪ್ರತಿಗಿಂತ ಊರೂರು ತಿರುಗಿ ಕಂಡ ದರ್ಗಾ, ಕೇಳಿದ ತತ್ವಪದ, ಉರುಸಿನ ಜನ ಅವರ ಆಕರ. ಮುಂದೆ ಅವರು ಮೊಹರಂ ಆಚರಣೆಯನ್ನೂ ಅಧ್ಯಯನ ಮಾಡಿದರು. ಉತ್ತರ ಕರ್ನಾಟಕದಲ್ಲಿ ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಅಲಾಬ್‌ ಎಂಬ ಬೆಂಕಿಯ ಕುಣಿ ತೋಡಿ ದೇವರು ಕೂರಿಸುತ್ತಾರೆ, ಕನ್ನಡದಲ್ಲಿ ರಿವಾಯತ್ ಎಂಬ ಮೊಹರಂ ಪದ ಹಾಡುತ್ತಾರೆ. ಜಾಫರ್ ಶರೀಫ್ ಬರೆದಿಟ್ಟ ದಖ್ಖನಿನ ಮೊಹರಮ್ಮಿನ ಪಕ್ಕದಲ್ಲಿಟ್ಟು ಓದಬೇಕಾದ ಸಾಮಗ್ರಿ ಇದು.

ವಿದ್ವತ್ತು ಹೀಗೆ ಊರೊಳಗೆ ಹೊಕ್ಕಿದ್ದರೂ ಸಾರ್ವಜನಿಕ ಚರ್ಚೆ ಮತ್ತೆ ಗ್ರಂಥಕ್ಕೇ ಮರಳಿತು. ಗಂಡ ತಲಾಖ್ ಕೊಟ್ಟಿದ್ದ ಇಂದೋರಿನ ವೃದ್ಧೆ ಶಾ ಬಾನು ಪ್ರಕರಣದಲ್ಲಿ ಹೈಕೋರ್ಟು ಗೊತ್ತುಮಾಡಿದ್ದ ಜೀವನಾಂಶ ತಿಂಗಳಿಗೆ 179 ರೂಪಾಯಿ 20 ಪೈಸೆ. 1985ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯುವಾಗ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮು ಎಲ್ಲರಿಗೂ ಅನ್ವಯ ಎಂದಷ್ಟಕ್ಕೆ ನಿಲ್ಲದೆ ಕುರ್‌ಆನಿನ ಅನುವಾದಗಳನ್ನೂ ಉದ್ಧರಿಸಿತು. ಕುರ್‌ಆನಿಗೆ ಅರ್ಥ ಹೇಳುವ ಹಕ್ಕು ಯಾರದು ಎಂಬ ಗದ್ದಲದಲ್ಲಿ ವೃದ್ಧೆಯ ಊಟದ ಪ್ರಶ್ನೆ ಮರೆಯಾಯಿತು. ವಿಚ್ಛೇದಿತ ಮುಸ್ಲಿಂ ಮಹಿಳೆಯರ ಜೀವನಾಂಶ ಕುರಿತ 1986ರ ಕಾಯ್ದೆ, ಅದನ್ನು ಮಹಿಳೆಗೆ ಅನುಕೂಲವಾಗುವಂತೆ ಅರ್ಥೈಸಿದ 2001ರ ಡೇನಿಯಲ್ ಲತೀಫಿ ತೀರ್ಪು, 2017ರ ತ್ರಿವಳಿ ತಲಾಖ್ ತೀರ್ಪು ಎಲ್ಲವೂ ಈ ಹಾದಿಯಲ್ಲಿ ಬಂದವು.

ಬೇರೆ ಹಾದಿ ಹಿಡಿದವರು ಜೋಯಾ ಹಸನ್ ಮತ್ತು ರಿತು ಮೆನನ್. 12 ರಾಜ್ಯಗಳ 40 ಜಿಲ್ಲೆಗಳಲ್ಲಿ ಸಮೀಕ್ಷೆ ನಡೆಸಿ 2004ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವರು ಮುಸ್ಲಿಂ ಮಹಿಳೆಯ ಸ್ಥಿತಿಯನ್ನು ವೈಯಕ್ತಿಕ ಕಾನೂನಿನಿಂದಷ್ಟೇ ವಿವರಿಸಲಾಗದು, ಬಡತನ, ಶಾಲೆ, ಪ್ರದೇಶಗಳೂ ಅಷ್ಟೇ ಮುಖ್ಯ ಎಂದು ತೋರಿಸಿದರು. ಮುಸ್ಲಿಮರ ಸ್ಥಿತಿಗತಿ ಅರಿಯಲು 2005ರ ಮಾರ್ಚಿನಲ್ಲಿ ನೇಮಕವಾದ ರಾಜಿಂದರ್ ಸಾಚಾರ್ ಸಮಿತಿ ಇದೇ ದಾರಿಯನ್ನು ಸರ್ಕಾರಿ ಮಟ್ಟಕ್ಕೆ ಒಯ್ದಿತು. 2006ರ ನವೆಂಬರಿನಲ್ಲಿ ಸಲ್ಲಿಕೆಯಾದ ವರದಿ ಸಾಕ್ಷರತೆ, ಬ್ಯಾಂಕ್ ಸಾಲ, ನೌಕರಿಗಳ ಅಂಕಿಅಂಶ ಕೊಟ್ಟಿತು. ಐಎಎಸ್‌ನಲ್ಲಿ ಆಗ ಮುಸ್ಲಿಮರ ಪಾಲು ಶೇ. 3 ಇತ್ತು, ಐಪಿಎಸ್‌ನಲ್ಲಿ ಶೇ. 4. ಮುಸ್ಲಿಂ ಮಕ್ಕಳು ಮದರಸಾಕ್ಕೇ ಹೋಗುತ್ತಾರೆಂಬ ಮಾತಿಗೆ ಎದುರಾಗಿ, ಶಾಲಾ ವಯಸ್ಸಿನವರಲ್ಲಿ ಮದರಸಾದಲ್ಲಿ ಓದುವವರು ಶೇ. 3ರಷ್ಟೇ ಎಂದಿತು. ಓಲೈಕೆಯ ಆರೋಪವನ್ನೂ ದೇಶದ್ರೋಹದ ಶಂಕೆಯನ್ನೂ ಒಟ್ಟೊಟ್ಟಿಗೆ ಹೊರಬೇಕಾದ ಸಮುದಾಯ ಎಂಬ ಅದರ ವಿವರಣೆ ಬಹುವಾಗಿ ಚರ್ಚೆಯಾಯಿತು. ಹಂಟರ್ ಎಣಿಸಿದ 135 ವರ್ಷಗಳ ನಂತರ ಮತ್ತೆ ಹುದ್ದೆಗಳ ಎಣಿಕೆ ನಡೆಯಿತು. ಆದರೆ ಈ ಬಾರಿ ಎಣಿಕೆಯ ಹಿಂದೆ ದಂಗೆಯ ಭಯವಿರಲಿಲ್ಲ.

ಮುಸ್ಲಿಮರಲ್ಲಿ ಶೇ. 40.7ರಷ್ಟು ಮಂದಿ ಹಿಂದುಳಿದ ವರ್ಗದವರು ಎಂಬ ಅಂಕಿಯೂ ವರದಿಯಲ್ಲಿತ್ತು. ಬಿಹಾರದ ಅಲಿ ಅನ್ವರ್ 1998ರಿಂದ ಕಟ್ಟಿದ್ದ, ಹಿಂದುಳಿದ ಮುಸ್ಲಿಮರ ಪಸ್ಮಾಂದಾ ಚಳವಳಿಯ ವಾದಕ್ಕೆ ಇದು ಒತ್ತಾಸೆಯಾಯಿತು. ಕರ್ನಾಟಕದ ಮೀಸಲಾತಿ ಪಟ್ಟಿ ಈ ಒಳಭೇದವನ್ನು ಮೊದಲೇ ಒಪ್ಪಿಕೊಂಡಿತ್ತು. ಪಿಂಜಾರ, ನದಾಫರು ಪ್ರವರ್ಗ 1ರಲ್ಲಿದ್ದರೆ ಉಳಿದ ಮುಸ್ಲಿಮರಿಗೆಂದು 2ಬಿ ಪ್ರತ್ಯೇಕವಾಯಿತು.

ಉಡುಪಿಯ ಸರ್ಕಾರಿ ಕಾಲೇಜಿನಲ್ಲಿ ಶುರುವಾಗಿ 2022ರಲ್ಲಿ ಹಬ್ಬಿದ, ತರಗತಿಯಲ್ಲಿ ಹಿಜಾಬ್ ಧರಿಸುವ ಕುರಿತ ವಿವಾದದಲ್ಲಿ ಗ್ರಂಥ, ಬದುಕು ಎಂಬ ಎರಡೂ ಧಾರೆಗಳು ಎದುರುಬದುರಾದವು. ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟಿನ ಪೂರ್ಣಪೀಠ ಅಬ್ದುಲ್ಲಾ ಯೂಸುಫ್ ಅಲಿಯ ಇಂಗ್ಲಿಷ್ ಅನುವಾದ, ವ್ಯಾಖ್ಯಾನಗಳನ್ನು ಆಧರಿಸಿ ಹಿಜಾಬ್ ಇಸ್ಲಾಮಿನ ಅತ್ಯಗತ್ಯ ಆಚರಣೆಯಲ್ಲ ಎಂದಿತು. ಅತ್ಯಗತ್ಯ ಆಚರಣೆಯ ಒರೆಗಲ್ಲಿಗೆ ಮೂಲ 1954ರ ಸುಪ್ರೀಂ ಕೋರ್ಟ್ ತೀರ್ಪು. ಅದು ಉಡುಪಿಯದೇ ಶೀರೂರು ಮಠದ ಪ್ರಕರಣ ಎಂಬುದು ಕಾಕತಾಳೀಯ. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಹೇಮಂತ್ ಗುಪ್ತಾ ಮೇಲ್ಮನವಿಗಳನ್ನು ವಜಾ ಮಾಡಿದರು. ಸುಧಾಂಶು ಧೂಲಿಯಾ ಅವುಗಳನ್ನು ಪುರಸ್ಕರಿಸಿ, ಧರ್ಮಗ್ರಂಥದ ಅರ್ಥ ಹುಡುಕುವ ದಾರಿಯೇ ಇಲ್ಲಿ ಬೇಡವಾಗಿತ್ತು, ಇದು ಹುಡುಗಿಯ ಆಯ್ಕೆಯ ಮತ್ತು ಅವಳ ಓದಿನ ಪ್ರಶ್ನೆ ಎಂದರು. ಒಮ್ಮತವಾಗದ ಕಾರಣ ವಿಷಯವನ್ನು ಸೂಕ್ತ ಪೀಠಕ್ಕೆ ಒಪ್ಪಿಸಲು ಮುಖ್ಯ ನ್ಯಾಯಮೂರ್ತಿಯ ಮುಂದಿಡಲಾಯಿತು.